ಮಸ್ಟ್ ಹ್ಯಾವ್, ಶುಡ್ ಹ್ಯಾವ್, ಕುಡ್ ಹ್ಯಾವ್: ಇವುಗಳ ಜೊತೆ ಅಡ್ವರ್ಬ್ ಎಲ್ಲಿಡಬೇಕು?

"ಶಿ ಕುಡ್ ವೆಲ್ ಹ್ಯಾವ್ ಪ್ಲೇಡ್" ಎಂದರೆ ಅವಳು ಆಡಿದ್ದಿರಲೂಬಹುದು, ಆ ಸಾಧ್ಯತೆ ಗಟ್ಟಿಯಾಗಿಯೇ ಇದೆ ಎಂದು ಅರ್ಥ. "ಶಿ ಕುಡ್ ಹ್ಯಾವ್ ಪ್ಲೇಡ್ ವೆಲ್" ಎಂದರೆ ಅವಳು ಚೆನ್ನಾಗಿ ಆಡಬಹುದಿತ್ತು, ಯಾಕೋ ಆಡಲಿಲ್ಲ ಎಂದು ಸಾಮಾನ್ಯವಾಗಿ ಅರ್ಥವಾಗುತ್ತದೆ. ಎರಡರಲ್ಲೂ ಇರುವುದು ಅದೇ ಐದು ಪದ. "ವೆಲ್" ಎರಡು ಪದ ದಾಟಿ ಆಚೆ ಹೋದದ್ದಕ್ಕೆ ಒಂದು ವಾಕ್ಯ ಊಹೆಯಾಯಿತು, ಇನ್ನೊಂದು ಕೊರಗಾಯಿತು.

ಇಂಥ ವಾಕ್ಯಗಳಲ್ಲಿ ಅಡ್ವರ್ಬ್ (ಹೇಗೆ, ಯಾವಾಗ, ಎಷ್ಟು ಖಚಿತ ಎಂದು ಹೇಳುವ ಕ್ರಿಯಾವಿಶೇಷಣ) ಇಡುವುದಕ್ಕೆ ಪಟ್ಟಿ ಬಾಯಿಪಾಠ ಮಾಡಿದರೆ ಸಾಲದು. ಆ ಪದ ಯಾವುದರ ಬಗ್ಗೆ ಮಾತಾಡುತ್ತಿದೆ ಎಂದು ಕೇಳಿಕೊಂಡರೆ ಮುಕ್ಕಾಲು ಪಾಲು ಗೊಂದಲ ಅಲ್ಲೇ ಮುಗಿಯುತ್ತದೆ. ಉಳಿದ ಕಾಲು ಪಾಲು ಅಭ್ಯಾಸದ್ದು.

ಮೊದಲು ಕ್ರಿಯಾಪದವನ್ನು ಬಿಡಿಸಿಕೊಳ್ಳಿ

ಕನ್ನಡದಲ್ಲಿ ಇಡೀ ವಿಷಯ ಒಂದೇ ಪದದೊಳಗೆ ಸೇರಿಬಿಡುತ್ತದೆ: ಬಂದಿರಬೇಕು, ಬಂದಿರಬಹುದು, ಬರಬೇಕಿತ್ತು, ಬರಬಹುದಿತ್ತು, ಬರಬಾರದಿತ್ತು. ನಡುವೆ ಕೈ ಹಾಕಲು ಸಂದೇ ಇಲ್ಲ. ಹಾಗಾಗಿ "ಬಹುಶಃ", "ಆಗಲೇ", "ನಿಜವಾಗಿಯೂ" ಎಲ್ಲವೂ ಕ್ರಿಯಾಪದಕ್ಕಿಂತ ಮುಂಚೆಯೇ ಬರುತ್ತವೆ. ಇಂಗ್ಲಿಷಿನಲ್ಲಿ ಅದೇ ಕೆಲಸಕ್ಕೆ ಕನಿಷ್ಠ ಮೂರು ತುಂಡು ಬೇಕು: ಒಂದು ಮೋಡಲ್ (ಮಸ್ಟ್, ಶುಡ್, ಕುಡ್ ಥರದ ಸಹಾಯಕ ಪದ), ಆಮೇಲೆ "ಹ್ಯಾವ್", ಆಮೇಲೆ ಕ್ರಿಯಾಪದದ ಮೂರನೇ ರೂಪ. ತುಂಡುಗಳ ನಡುವೆ ಸಂದಿ ಇದೆ, ಸಂದಿಯಲ್ಲಿ ಅಡ್ವರ್ಬ್ ಕೂರುತ್ತದೆ.

ಯಾವ ಮೋಡಲ್ ಏನು ಹೇಳುತ್ತದೆ ಎಂಬುದು ಮೊದಲೇ ಸ್ಪಷ್ಟವಿರಲಿ. "ಮಸ್ಟ್ ಹ್ಯಾವ್ ಕಮ್" ಎಂದರೆ ಬಂದಿರಬೇಕು. "ಮೇ ಹ್ಯಾವ್ ಕಮ್", "ಮೈಟ್ ಹ್ಯಾವ್ ಕಮ್" ಎಂದರೆ ಬಂದಿರಬಹುದು. "ಶುಡ್ ಹ್ಯಾವ್ ಕಮ್" ಎಂದರೆ ಬರಬೇಕಿತ್ತು. "ಕಾಂಟ್ ಹ್ಯಾವ್ ಕಮ್" ಎಂದರೆ ಬಂದಿರಲು ಸಾಧ್ಯವೇ ಇಲ್ಲ. "ನೀಡಂಟ್ ಹ್ಯಾವ್ ಕಮ್" ಎಂದರೆ ಬಂದದ್ದು ಹೌದು, ಬರುವ ಅಗತ್ಯವಿರಲಿಲ್ಲ. "ವುಡ್ ಹ್ಯಾವ್ ಕಮ್" ಎಂದರೆ ಯಾವುದೋ ಷರತ್ತು ಈಡೇರಿದ್ದರೆ ಬರುತ್ತಿದ್ದ. "ಕುಡ್ ಹ್ಯಾವ್ ಕಮ್" ಎಂಬುದಕ್ಕೆ ಎದ್ದು ಕಾಣುವ ಎರಡು ಮುಖ: ಬರಬಹುದಿತ್ತು, ಬಂದಿರಲೂಬಹುದು. ಇದರ ಜೊತೆ ಅಡ್ವರ್ಬ್ ಇಡುವಾಗ ಹೆಚ್ಚು ಎಚ್ಚರ ಬೇಕಾಗುವುದು ಈ ಕಾರಣಕ್ಕೇ.

ಒಂದು ಮಾತು ಇಲ್ಲೇ ಹೇಳಬೇಕು. ಮೋಡಲ್ ಆದ ಮೇಲೆ ಬರುವುದು ಯಾವಾಗಲೂ "ಹ್ಯಾವ್". ಕರ್ತೃ ಹಿ ಆಗಲಿ ಶಿ ಆಗಲಿ, ಅದು "ಹ್ಯಾಸ್" ಆಗುವುದಿಲ್ಲ, "ಹ್ಯಾಡ್" ಕೂಡ ಆಗುವುದಿಲ್ಲ. ಬರೀ "ಶುಡ್ ಹ್ಯಾವ್" ಬರೆಯುವಾಗ ತಪ್ಪದವರೂ ನಡುವೆ ಒಂದು ಅಡ್ವರ್ಬ್ ಬಂದ ಕೂಡಲೇ ಮೋಡಲ್ ಇತ್ತೆಂಬುದನ್ನು ಮರೆಯುತ್ತಾರೆ. "ಶಿ ಶುಡ್ ಆಲ್ರೆಡಿ ಹ್ಯಾಸ್ ಫಿನಿಶ್ಡ್" ಎಂದೋ "ಹಿ ಶುಡ್ ನೆವರ್ ವೆಂಟ್" ಎಂದೋ ಬರೆಯುವುದು ಹೀಗೆ. ಬರೆದಾದ ಮೇಲೆ ಅಡ್ವರ್ಬನ್ನು ಬೆರಳಿನಿಂದ ಮುಚ್ಚಿ ಓದಿ. ಮುಚ್ಚಿದಾಗ "ಶುಡ್ ಹ್ಯಾಸ್ ಫಿನಿಶ್ಡ್" ಎಂದು ಉಳಿದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ನಾಲ್ಕು ಜಾಗಗಳು

"ಶಿ ಮಸ್ಟ್ ಹ್ಯಾವ್ ಲೆಫ್ಟ್" ಎಂಬ ವಾಕ್ಯ ತೆಗೆದುಕೊಳ್ಳಿ. ಕರ್ತೃ ಆದ ಮೇಲೆ ನಾಲ್ಕು ಜಾಗ ಇವೆ: ಮೋಡಲ್‌ಗಿಂತ ಮುಂಚೆ ಒಂದನೇ ಜಾಗ, ಮೋಡಲ್ ಮತ್ತು ಹ್ಯಾವ್ ನಡುವೆ ಎರಡನೇ ಜಾಗ, ಹ್ಯಾವ್ ಮತ್ತು ಮೂರನೇ ರೂಪದ ನಡುವೆ ಮೂರನೇ ಜಾಗ, ವಾಕ್ಯದ ಕೊನೆ ನಾಲ್ಕನೇ ಜಾಗ. ಕರ್ತೃವಿಗಿಂತ ಮುಂಚೆ, ವಾಕ್ಯದ ಬಾಗಿಲಲ್ಲೇ ನಿಲ್ಲುವ ಪದಗಳೂ ಇವೆ. ಅವನ್ನು ಆಮೇಲೆ ನೋಡೋಣ.

ಮೋಡಲ್ ಎನ್ನುವುದು ಮಾತಾಡುವವರ ತೀರ್ಪು: ಇರಬೇಕು, ಇರಬಹುದು, ಮಾಡಬೇಕಿತ್ತು. ಮೂರನೇ ರೂಪ ಎನ್ನುವುದು ನಡೆದ ಕೆಲಸ: ಹೊರಟದ್ದು, ಆಡಿದ್ದು, ಮುರಿದದ್ದು. ಅಡ್ವರ್ಬ್ ಎಡಕ್ಕೆ ಸರಿದಷ್ಟೂ ತೀರ್ಪಿನ ಬಗ್ಗೆ ಮಾತಾಡುತ್ತದೆ, ಬಲಕ್ಕೆ ಸರಿದಷ್ಟೂ ಕೆಲಸದ ಬಗ್ಗೆ ಮಾತಾಡುತ್ತದೆ. ಇದಕ್ಕೆ ಹೊರತಾದವು ಕೆಲವಿದ್ದರೂ ಹೊಸ ವಾಕ್ಯ ಕಟ್ಟುವಾಗ ಇದೊಂದನ್ನು ನಂಬಿ ಹೊರಡಬಹುದು.

"ಕ್ಲಿಯರ್ಲಿ" ಎಂಬ ಪದವನ್ನು ಇಟ್ಟು ನೋಡಿ. "ಹಿ ಕ್ಲಿಯರ್ಲಿ ಶುಡ್ ಹ್ಯಾವ್ ಸ್ಪೋಕನ್": ಅವನು ಮಾತಾಡಬೇಕಿತ್ತು, ಅದು ಎಲ್ಲರಿಗೂ ಕಾಣುವ ಸಂಗತಿ. "ಹಿ ಶುಡ್ ಕ್ಲಿಯರ್ಲಿ ಹ್ಯಾವ್ ಸ್ಪೋಕನ್": ಹೆಚ್ಚು ಕಡಿಮೆ ಅದೇ ಅರ್ಥ. "ಹಿ ಶುಡ್ ಹ್ಯಾವ್ ಸ್ಪೋಕನ್ ಕ್ಲಿಯರ್ಲಿ": ಅವನು ಮಾತಾಡಿದ, ಆದರೆ ಬಿಡಿಸಿ ಹೇಳಬೇಕಿತ್ತು. ಮೊದಲೆರಡರಲ್ಲಿ ಅವನು ಬಾಯಿಯೇ ತೆರೆದಿಲ್ಲ. ಮೂರನೆಯದರಲ್ಲಿ ತೆರೆದಿದ್ದಾನೆ. ದೂರಿನ ಪತ್ರದಲ್ಲೋ ವರದಿಯಲ್ಲೋ ಈ ವ್ಯತ್ಯಾಸ ತಪ್ಪಿದರೆ ಮಾಡದ ತಪ್ಪನ್ನು ಒಬ್ಬರ ತಲೆಗೆ ಕಟ್ಟಿದಂತಾಗುತ್ತದೆ.

ಎರಡನೇ ಜಾಗ: ಅನುಮಾನ ಬಂದಾಗ ಇಲ್ಲಿಡಿ

ಮೋಡಲ್ ಮತ್ತು ಹ್ಯಾವ್ ನಡುವಿನ ಸಂದಿ ಅತಿ ಹೆಚ್ಚು ಕೆಲಸಕ್ಕೆ ಬರುವ ಜಾಗ. ಸಾಧ್ಯತೆ ಹೇಳುವ ಪ್ರಾಬಬ್ಲಿ, ಸರ್ಟನ್ಲಿ, ಶೂರ್ಲಿ, ಪಾಸಿಬ್ಲಿ. ಎಷ್ಟು ಬಾರಿ ಎಂದು ಹೇಳುವ ನೆವರ್, ಆಲ್ವೇಸ್, ಎವರ್. ಜೊತೆಗೆ ಸ್ಟಿಲ್, ಆಲ್ಸೋ, ಈವನ್, ಈಸಿಲಿ, ಹಾರ್ಡ್ಲಿ ಇಲ್ಲಿ ಸಲೀಸಾಗಿ ಕೂರುತ್ತವೆ. "ಐ ವುಡ್ ಪ್ರಾಬಬ್ಲಿ ಹ್ಯಾವ್ ಅಗ್ರೀಡ್." "ಯು ಶುಡ್ ನೆವರ್ ಹ್ಯಾವ್ ಸೈನ್ಡ್ ಇಟ್." "ಶಿ ಮೈಟ್ ಈವನ್ ಹ್ಯಾವ್ ವನ್."

ಹಾಗಾದರೆ "ಐ ವುಡ್ ಹ್ಯಾವ್ ಪ್ರಾಬಬ್ಲಿ ಅಗ್ರೀಡ್" ತಪ್ಪೇ? ತಪ್ಪಲ್ಲ. ಇಂಗ್ಲಿಷ್ ಮನೆಮಾತಾಗಿರುವವರು ಮಾತಿನಲ್ಲಿ ಧಾರಾಳವಾಗಿ ಹೀಗೆ ಹೇಳುತ್ತಾರೆ. ಬರವಣಿಗೆಯಲ್ಲಿ ಎರಡನೇ ಜಾಗ ಹೆಚ್ಚು ನಯವಾಗಿ ಓದಿಸಿಕೊಳ್ಳುತ್ತದೆ, ಅಷ್ಟೇ. ಮೋಡಲ್ ಮತ್ತು ಹ್ಯಾವ್ ಅನ್ನು ಬೇರೆ ಮಾಡಲೇಬಾರದು ಎಂಬ ಇನ್ನೊಂದು ನಂಬಿಕೆಯೂ ಕೆಲವರಲ್ಲಿದೆ. ಅದಕ್ಕೆ ವ್ಯಾಕರಣದ ಆಧಾರವಿಲ್ಲ, ಆ ನಿಯಮ ಪಾಲಿಸಲು ಹೊರಟರೆ ವಾಕ್ಯಗಳೇ ಕುಂಟುತ್ತವೆ. ಧೈರ್ಯವಾಗಿ ನಡುವೆ ಇಡಿ.

ಈ ಜಾಗ ಬಿಟ್ಟು ಬೇರೆಡೆ ಹೋದರೆ ಅರ್ಥವನ್ನೇ ಕಳೆದುಕೊಳ್ಳುವ ಪದಗಳೂ ಇವೆ. ಸಾಧ್ಯತೆ ಹೇಳುವ "ವೆಲ್" ಅವುಗಳಲ್ಲಿ ಮುಖ್ಯವಾದದ್ದು. ಅದು ಮೇ, ಮೈಟ್, ಕುಡ್ ಜೊತೆ ಮಾತ್ರ, ಅದೂ ಮೋಡಲ್ ಪಕ್ಕದಲ್ಲಿ ಮಾತ್ರ ಆ ಅರ್ಥ ಕೊಡುತ್ತದೆ. "ದೇ ಮೇ ವೆಲ್ ಹ್ಯಾವ್ ಫರ್ಗಾಟನ್" ಸರಿ. "ಮಸ್ಟ್ ವೆಲ್ ಹ್ಯಾವ್" ಎಂಬ ಬಳಕೆ ಇಲ್ಲ. "ಮೈಟ್ ಆ್ಯಸ್ ವೆಲ್ ಹ್ಯಾವ್" ಬೇರೆಯೇ ಮಾತು: ಮಾಡಿದ್ದಕ್ಕೂ ಮಾಡದೇ ಇದ್ದದ್ದಕ್ಕೂ ವ್ಯತ್ಯಾಸವಾಗುತ್ತಿರಲಿಲ್ಲ ಎಂಬ ಬೇಸರ ಅದರಲ್ಲಿದೆ. "ಹಿ ಮೈಟ್ ಆ್ಯಸ್ ವೆಲ್ ಹ್ಯಾವ್ ಸ್ಟೇಡ್ ಹೋಮ್" ಎಂದರೆ ಅವನು ಬಂದೂ ಬರದಂತಾಯಿತು.

"ಆ್ಯಟ್ ಲೀಸ್ಟ್" ಕೂಡ ಇಲ್ಲಿ ಕೂತಾಗ ಮೊನಚಾಗುತ್ತದೆ. "ಯು ಕುಡ್ ಆ್ಯಟ್ ಲೀಸ್ಟ್ ಹ್ಯಾವ್ ಕಾಲ್ಡ್" ಎಂದರೆ ಒಂದು ಫೋನಾದರೂ ಮಾಡಬಹುದಿತ್ತಲ್ಲ ಎಂಬ ನೇರ ಆಕ್ಷೇಪ. ಮೇಲಧಿಕಾರಿಗೆ ಬರೆಯುವ ಪತ್ರದಲ್ಲಿ ಇದನ್ನು ಬಳಸುವ ಮುಂಚೆ ಯೋಚಿಸಿ.

ಮೂರನೇ ಜಾಗ: ಕೆಲಸಕ್ಕೆ ಅಂಟಿಕೊಂಡ ಪದಗಳು

ಕೆಲಸ ಎಷ್ಟರ ಮಟ್ಟಿಗೆ ನಡೆಯಿತು, ಯಾವ ರೀತಿ ನಡೆಯಿತು ಎಂದು ಹೇಳುವ ಪದಗಳು ಮೂರನೇ ರೂಪದ ಪಕ್ಕದಲ್ಲಿರಬೇಕು. "ಐ ಮಸ್ಟ್ ಹ್ಯಾವ್ ಕಂಪ್ಲೀಟ್ಲಿ ಫರ್ಗಾಟನ್" ಎಂದಾಗ ಪೂರ್ತಿಯಾದದ್ದು ಮರೆವು, ಊಹೆಯಲ್ಲ. ಅದನ್ನು "ಐ ಮಸ್ಟ್ ಕಂಪ್ಲೀಟ್ಲಿ ಹ್ಯಾವ್ ಫರ್ಗಾಟನ್" ಎಂದು ಸರಿಸಿದರೆ ಕಿವಿಗೆ ಒರಟು. ಡೆಲಿಬರೇಟ್ಲಿ, ಸೀಕ್ರೆಟ್ಲಿ, ಬ್ಯಾಡ್ಲಿ, ಸೀರಿಯಸ್ಲಿ ಇವಕ್ಕೂ ಇದೇ ಜಾಗ.

"ಆಲ್ರೆಡಿ" ಎರಡೂ ಕಡೆ ಹೊಂದುತ್ತದೆ: "ಮಸ್ಟ್ ಆಲ್ರೆಡಿ ಹ್ಯಾವ್ ಲೆಫ್ಟ್", "ಮಸ್ಟ್ ಹ್ಯಾವ್ ಆಲ್ರೆಡಿ ಲೆಫ್ಟ್". ಅರ್ಥದಲ್ಲಿ ಭೇದವಿಲ್ಲ. "ಆಲ್ವೇಸ್" ಕೂಡ ಹಾಗೆಯೇ. ಆದರೆ "ಜಸ್ಟ್" ಹಾಗಲ್ಲ. "ದೇ ಮೇ ಹ್ಯಾವ್ ಜಸ್ಟ್ ಲೆಫ್ಟ್" ಎಂದರೆ ಈಗ ತಾನೇ ಹೊರಟಿರಬಹುದು. "ದೇ ಮೇ ಜಸ್ಟ್ ಹ್ಯಾವ್ ಲೆಫ್ಟ್" ಎಂದರೆ ಈಗ ತಾನೇ ಹೊರಟಿರಬಹುದು ಎಂದೂ ಆಗುತ್ತದೆ, ಸುಮ್ಮನೆ ಎದ್ದು ಹೋಗಿರಬಹುದು ಎಂದೂ ಆಗುತ್ತದೆ, ಹೊರಟಿರುವ ಸಣ್ಣದೊಂದು ಸಾಧ್ಯತೆ ಇದೆ ಎಂದೂ ಆಗುತ್ತದೆ. ಈಗ ತಾನೇ ಎಂಬ ಅರ್ಥವೇ ಬೇಕಿದ್ದರೆ ಹ್ಯಾವ್ ದಾಟಿಸಿ ಇಡುವುದು ಹೆಚ್ಚು ಸುರಕ್ಷಿತ.

ನಾಲ್ಕನೇ ಜಾಗ ಮತ್ತು ಕರ್ಮಪದದ ಗೋಡೆ

ಕಾಲ, ಸ್ಥಳ ಹೇಳುವ ಪದಗಳು ಕೊನೆಗೆ. ಯೆಸ್ಟರ್ಡೇ, ಲಾಸ್ಟ್ ವೀಕ್, ಹಿಯರ್, ದೇರ್, ಅರ್ಲಿ, ಲೇಟ್ ಯಾವುವೂ ಸಂದಿಗಳಿಗೆ ನುಗ್ಗುವುದಿಲ್ಲ. ಕನ್ನಡದ "ಅವನು ನಿನ್ನೆ ಬಂದಿರಬೇಕು" ತಲೆಯಲ್ಲಿ ಓಡುತ್ತಿದ್ದರೆ ಕೈ "ಹಿ ಯೆಸ್ಟರ್ಡೇ ಮಸ್ಟ್ ಹ್ಯಾವ್ ಕಮ್" ಎಂದು ಬರೆಯುತ್ತದೆ. "ಹಿ ಮಸ್ಟ್ ಹ್ಯಾವ್ ಕಮ್ ಯೆಸ್ಟರ್ಡೇ" ಆಗಬೇಕು. ದಿನಕ್ಕೇ ಒತ್ತು ಬೇಕಿದ್ದರೆ "ಯೆಸ್ಟರ್ಡೇ" ವಾಕ್ಯದ ತೀರಾ ಮೊದಲಿಗೆ ಹೋಗಬಹುದು, ಕರ್ತೃ ಆದ ಮೇಲಲ್ಲ.

ಶಾಲೆಯಲ್ಲಿ ಕಲಿತ ಒಂದು ನಿಯಮ ಇಲ್ಲಿ ಅನೇಕರನ್ನು ತಡೆಯುತ್ತದೆ. ಪ್ರೆಸೆಂಟ್ ಪರ್ಫೆಕ್ಟ್ ಜೊತೆ "ಯೆಸ್ಟರ್ಡೇ" ಬರಬಾರದು, "ಶಿ ಹ್ಯಾಸ್ ಲೆಫ್ಟ್ ಯೆಸ್ಟರ್ಡೇ" ತಪ್ಪು ಎಂದು ಕಲಿತಿರುತ್ತೇವೆ. ಅದು ನಿಜವೇ. ಆದರೆ "ಶಿ ಮಸ್ಟ್ ಹ್ಯಾವ್ ಲೆಫ್ಟ್ ಯೆಸ್ಟರ್ಡೇ" ಪೂರ್ತಿ ಸರಿ. ಮೋಡಲ್ ಆದ ಮೇಲೆ "ಲೆಫ್ಟ್" ಎಂಬ ಭೂತಕಾಲದ ರೂಪ ನೇರವಾಗಿ ಬರಲಾಗದು. ಹಾಗಾಗಿ ಭೂತಕಾಲದ ಹೊಣೆಯನ್ನು ಇಲ್ಲಿ ಹ್ಯಾವ್ ಹೊರುತ್ತದೆ. "ಶಿ ಲೆಫ್ಟ್ ಯೆಸ್ಟರ್ಡೇ" ಎಂಬ ಸಂಗತಿಗೇ ಊಹೆಯ ಅಂಗಿ ತೊಡಿಸಿದ್ದು ಅದು. "ಇನ್ 1995", "ಟೂ ಡೇಸ್ ಅಗೋ" ಎಲ್ಲವನ್ನೂ ಹಾಗೆಯೇ ಹಾಕಬಹುದು. "ಯೆಟ್" ಕೂಡ ಸಾಮಾನ್ಯವಾಗಿ ಕೊನೆಗೇ: "ದ ಪಾರ್ಸೆಲ್ ಮೇ ನಾಟ್ ಹ್ಯಾವ್ ಅರೈವ್ಡ್ ಯೆಟ್."

ಇನ್ನು ಗೋಡೆಯ ವಿಷಯ. ಕ್ರಿಯಾಪದಕ್ಕೂ ಅದರ ಕರ್ಮಪದಕ್ಕೂ ನಡುವೆ ಅಡ್ವರ್ಬ್ ತೂರಿಸಬಾರದು. "ಶಿ ಮಸ್ಟ್ ಹ್ಯಾವ್ ರೆಡ್ ಕೇರ್‌ಫುಲಿ ದ ಲೆಟರ್" ತಪ್ಪು. "ಶಿ ಮಸ್ಟ್ ಹ್ಯಾವ್ ರೆಡ್ ದ ಲೆಟರ್ ಕೇರ್‌ಫುಲಿ" ಸರಿ. ಕರ್ಮಪದ ಬಹಳ ಉದ್ದವಾಗಿದ್ದರೆ, ಅದರ ಬಾಲ ಮುಗಿಯುವ ಹೊತ್ತಿಗೆ ಅಡ್ವರ್ಬ್ ಯಾವುದಕ್ಕೆ ಸೇರಿದ್ದೆಂಬುದು ಓದುಗರಿಗೆ ಮರೆತಿರುತ್ತದೆ. ಆಗ ಅದನ್ನು ಮೂರನೇ ಜಾಗಕ್ಕೆ ತನ್ನಿ: "ಶಿ ಮಸ್ಟ್ ಹ್ಯಾವ್ ಕೇರ್‌ಫುಲಿ ರೆಡ್ ಎವ್ರಿ ಲೆಟರ್ ದಟ್ ದ ಕಮಿಟಿ ಸೆಂಟ್ ಹರ್."

ಬೀನ್ ಬಂದಾಗ

ಪ್ಯಾಸಿವ್‌ನಲ್ಲಿ (ಕರ್ಮಣಿ ಪ್ರಯೋಗದಲ್ಲಿ) ಇನ್ನೊಂದು ಸಂದಿ ಹೆಚ್ಚಾಗುತ್ತದೆ: ಬೀನ್ ಮತ್ತು ಮೂರನೇ ರೂಪದ ನಡುವೆ. ರೀತಿ ಹೇಳುವ ಪದಗಳಿಗೆ ಅದೇ ಖಾಯಂ ಜಾಗ. "ದ ಬ್ರಿಜ್ ಮಸ್ಟ್ ಹ್ಯಾವ್ ಬೀನ್ ಬ್ಯಾಡ್ಲಿ ಡ್ಯಾಮೇಜ್ಡ್" ಸರಿ; "ಮಸ್ಟ್ ಹ್ಯಾವ್ ಬ್ಯಾಡ್ಲಿ ಬೀನ್ ಡ್ಯಾಮೇಜ್ಡ್" ಒಪ್ಪುವುದಿಲ್ಲ. ಚೆನ್ನಾಗಿ ಎಂಬ ಅರ್ಥದ "ವೆಲ್" ಕೂಡ ಇಲ್ಲಿ ಮಾತ್ರ ಮುಂದಕ್ಕೆ ಬರುತ್ತದೆ: "ಇಟ್ ಮಸ್ಟ್ ಹ್ಯಾವ್ ಬೀನ್ ವೆಲ್ ಡಿಸೈನ್ಡ್."

ಸಾಧ್ಯತೆಯ ಪದ ಮಾತ್ರ ಇಲ್ಲೂ ಮೋಡಲ್ ಪಕ್ಕಕ್ಕೇ. ಒಂದೇ ವಾಕ್ಯದಲ್ಲಿ ಎರಡೂ ಬಂದರೆ ಜಾಗದ ಲೆಕ್ಕ ತುಂಬ ಸ್ಪಷ್ಟವಾಗಿ ಕಾಣುತ್ತದೆ: "ದ ರಿಪೋರ್ಟ್ ಶುಡ್ ರಿಯಲಿ ಹ್ಯಾವ್ ಬೀನ್ ಪ್ರಾಪರ್ಲಿ ಚೆಕ್ಡ್." "ರಿಯಲಿ" ತೀರ್ಪಿಗೆ, "ಪ್ರಾಪರ್ಲಿ" ಪರಿಶೀಲನೆಗೆ. "ಈಸಿಲಿ" ಎರಡೂ ಕಡೆ ಓಡಾಡುತ್ತದೆ: "ಕುಡ್ ಈಸಿಲಿ ಹ್ಯಾವ್ ಬೀನ್ ಅವಾಯ್ಡೆಡ್", "ಕುಡ್ ಹ್ಯಾವ್ ಬೀನ್ ಈಸಿಲಿ ಅವಾಯ್ಡೆಡ್" ಎರಡೂ ಒಪ್ಪಿತ.

ಐಎನ್‌ಜಿ ರೂಪಕ್ಕೂ ಇದೇ ಲೆಕ್ಕ. "ದೇ ಮಸ್ಟ್ ಹ್ಯಾವ್ ಬೀನ್ ಸೀಕ್ರೆಟ್ಲಿ ರೆಕಾರ್ಡಿಂಗ್ ಅಸ್." "ಹಿ ಮೈಟ್ ಸ್ಟಿಲ್ ಹ್ಯಾವ್ ಬೀನ್ ಸ್ಲೀಪಿಂಗ್."

ನಾಟ್ ಬಂದರೆ ಲೆಕ್ಕ ಬದಲು

ವಿಷಯ ನಿಜವಾಗಿ ಬಿಗಿಯಾಗುವುದು ಇಲ್ಲಿ. ವೋಂಟ್, ಕಾಂಟ್, ಶುಡಂಟ್, ವುಡಂಟ್ ಎಂಬ ಚಿಕ್ಕ ರೂಪಗಳಿದ್ದಾಗ ಪ್ರಾಬಬ್ಲಿ, ಸರ್ಟನ್ಲಿ, ಡೆಫಿನೆಟ್ಲಿ ಎರಡನೇ ಜಾಗ ಬಿಟ್ಟು ಒಂದನೇ ಜಾಗಕ್ಕೆ ಬರುತ್ತವೆ. "ಶಿ ವೋಂಟ್ ಪ್ರಾಬಬ್ಲಿ ಹ್ಯಾವ್ ಫಿನಿಶ್ಡ್" ಎನ್ನಬೇಡಿ, "ಶಿ ಪ್ರಾಬಬ್ಲಿ ವೋಂಟ್ ಹ್ಯಾವ್ ಫಿನಿಶ್ಡ್" ಎನ್ನಿ. ಮುಗಿಸಿಲ್ಲ ಎಂಬುದೇ ಇಲ್ಲಿನ ಊಹೆ. ಊಹೆಯ ಪದ ನಿಷೇಧದ ಹೊರಗಿರಬೇಕು, ಅದರ ಕೆಳಗೆ ಸಿಕ್ಕಿಕೊಳ್ಳಬಾರದು. "ನಾಟ್" ಅನ್ನು ಪೂರ್ತಿಯಾಗಿ ಬಿಡಿಸಿ ಬರೆದರೆ ಎರಡನೇ ಜಾಗ ಮತ್ತೆ ತೆರೆಯುತ್ತದೆ: "ಶಿ ವಿಲ್ ಪ್ರಾಬಬ್ಲಿ ನಾಟ್ ಹ್ಯಾವ್ ಫಿನಿಶ್ಡ್."

"ಪಾಸಿಬ್ಲಿ" ಮತ್ತು "ನೆಸೆಸರಿಲಿ" ತದ್ವಿರುದ್ಧ. ಅವು ನಿಷೇಧದ ನಂತರವೇ ಬೇಕು: "ಹಿ ಕಾಂಟ್ ಪಾಸಿಬ್ಲಿ ಹ್ಯಾವ್ ನೋನ್", "ಶಿ ಮೇ ನಾಟ್ ನೆಸೆಸರಿಲಿ ಹ್ಯಾವ್ ಲೈಡ್."

"ರಿಯಲಿ" ಎರಡೂ ಕಡೆ ಬರುತ್ತದೆ, ಆದರೆ ಧಾಟಿ ಬದಲಾಗುತ್ತದೆ. "ಯು ರಿಯಲಿ ಶುಡಂಟ್ ಹ್ಯಾವ್ ಸೆಡ್ ದಟ್" ಎಂದರೆ ಹಾಗೆ ಹೇಳಲೇಬಾರದಿತ್ತು. "ಯು ಶುಡಂಟ್ ರಿಯಲಿ ಹ್ಯಾವ್ ಸೆಡ್ ದಟ್" ಎಂದರೆ ಹಾಗೆ ಹೇಳದಿದ್ದರೆ ಒಳ್ಳೆಯದಿತ್ತು, ಅಷ್ಟೇ. ನಿಷೇಧಕ್ಕೆ ಮುಂಚೆ ಬಂದರೆ ಗದರಿಕೆ, ನಂತರ ಬಂದರೆ ಮೆದು ಮಾತು. ಉಡುಗೊರೆ ಪಡೆದವರು ಹೇಳುವ "ಯು ರಿಯಲಿ ಶುಡಂಟ್ ಹ್ಯಾವ್" ಮಾತ್ರ ಗದರಿಕೆಯಲ್ಲ, ಇದೆಲ್ಲ ಯಾಕೆ ತರೋಕೆ ಹೋದಿರಿ ಎಂಬ ಉಪಚಾರ.

"ಡೆಲಿಬರೇಟ್ಲಿ" ಜೊತೆ ಜಾಗ ತಪ್ಪಿದರೆ ಆರೋಪವೇ ತಿರುಗುತ್ತದೆ. "ಹಿ ಮೇ ನಾಟ್ ಹ್ಯಾವ್ ಡೆಲಿಬರೇಟ್ಲಿ ಡಿಲೀಟೆಡ್ ದ ಫೈಲ್": ಫೈಲ್ ಅಳಿಸಿರಬಹುದು, ಆದರೆ ಬೇಕೆಂದೇ ಅಳಿಸಿರಲಿಕ್ಕಿಲ್ಲ. "ಹಿ ಮೇ ಡೆಲಿಬರೇಟ್ಲಿ ನಾಟ್ ಹ್ಯಾವ್ ಡಿಲೀಟೆಡ್ ದ ಫೈಲ್": ಬೇಕೆಂದೇ ಅಳಿಸದೆ ಉಳಿಸಿಕೊಂಡಿರಬಹುದು. ಇನ್ನು "ಹಿ ಮೇ ನಾಟ್ ಹ್ಯಾವ್ ಡಿಲೀಟೆಡ್ ದ ಫೈಲ್ ಡೆಲಿಬರೇಟ್ಲಿ" ಎಂದು ಕೊನೆಗೆ ಹಾಕಿದರೆ ಮೊದಲ ಅರ್ಥವೇ ಮುಂದೆ ಬಂದರೂ ಎರಡನೆಯದು ಪೂರ್ತಿ ಅಳಿಯುವುದಿಲ್ಲ. ತನಿಖಾ ವರದಿ, ವಿವರಣೆ ಕೇಳುವ ಪತ್ರ, ಒಪ್ಪಂದ ಇಂಥ ಕಡೆ ಕೊನೆಯ ಜಾಗ ಬೇಡ.

ನೆವರ್, ಹಾರ್ಡ್ಲಿ, ಸ್ಕೇರ್ಸ್ಲಿ ತಾವೇ ನಿಷೇಧ. ಅವುಗಳ ಜೊತೆ ನಾಟ್ ಸೇರಿಸಬೇಡಿ. "ಶುಡಂಟ್ ನೆವರ್ ಹ್ಯಾವ್" ತಪ್ಪು.

ಜಾಗ ಬದಲಾದರೆ ಅರ್ಥವೇ ಬದಲಾಗುವ ಇನ್ನಷ್ಟು ಪದಗಳು

"ಹಾರ್ಡ್" ಮತ್ತು "ಹಾರ್ಡ್ಲಿ" ಒಂದೇ ಬೇರಿನಿಂದ ಬಂದಿದ್ದರೂ ಕೆಲಸ ಬೇರೆ. "ಶಿ ಕುಡ್ ಹ್ಯಾವ್ ವರ್ಕ್ಡ್ ಹಾರ್ಡ್" ಎಂದರೆ ಕಷ್ಟಪಟ್ಟು ದುಡಿಯಬಹುದಿತ್ತು. "ಶಿ ಕುಡ್ ಹಾರ್ಡ್ಲಿ ಹ್ಯಾವ್ ವರ್ಕ್ಡ್ ಹಾರ್ಡರ್" ಎಂದರೆ ಅದಕ್ಕಿಂತ ಹೆಚ್ಚು ದುಡಿಯುವುದು ಸಾಧ್ಯವೇ ಇರಲಿಲ್ಲ, ಅಂದರೆ ಹೊಗಳಿಕೆ.

"ಒನ್ಸ್" ಮುಂದಿದ್ದರೆ ಒಂದಾನೊಂದು ಕಾಲದಲ್ಲಿ, ಕೊನೆಯಲ್ಲಿದ್ದರೆ ಸಾಮಾನ್ಯವಾಗಿ ಒಂದು ಸಲ. "ದಿಸ್ ಮಸ್ಟ್ ಒನ್ಸ್ ಹ್ಯಾವ್ ಬೀನ್ ಅ ಲೇಕ್" ಎಂದರೆ ಇಲ್ಲಿ ಹಿಂದೆ ಕೆರೆ ಇದ್ದಿರಬೇಕು. "ಶಿ ಮಸ್ಟ್ ಹ್ಯಾವ್ ಸೀನ್ ಹಿಮ್ ಒನ್ಸ್" ಎಂದರೆ ಅವಳು ಅವನನ್ನು ಒಮ್ಮೆ ನೋಡಿರಬೇಕು.

"ಹ್ಯಾಪಿಲಿ" ಮೋಡಲ್ ಪಕ್ಕದಲ್ಲಿ ಮನಸ್ಸಿನ ಒಪ್ಪಿಗೆ, ಕೊನೆಯಲ್ಲಿ ಮಾಡಿದ ರೀತಿ. "ಐ ವುಡ್ ಹ್ಯಾಪಿಲಿ ಹ್ಯಾವ್ ಪೇಯ್ಡ್" ಎಂದರೆ ಕೊಡಲು ನನಗೇನೂ ಅಡ್ಡಿ ಇರಲಿಲ್ಲ.

"ಓನ್ಲಿ" ಇರುವ ವಾಕ್ಯವನ್ನು ಎರಡು ಸಲ ಓದಿ. "ಓನ್ಲಿ ಶಿ ಕುಡ್ ಹ್ಯಾವ್ ಓಪನ್ಡ್ ದ ಬಾಕ್ಸ್": ತೆರೆಯಲು ಸಾಧ್ಯವಿದ್ದದ್ದು ಅವಳೊಬ್ಬಳಿಗೇ. "ಶಿ ಕುಡ್ ಹ್ಯಾವ್ ಓಪನ್ಡ್ ಓನ್ಲಿ ದ ಬಾಕ್ಸ್": ಪೆಟ್ಟಿಗೆಯೊಂದನ್ನೇ, ಬೇರೇನನ್ನೂ ಅಲ್ಲ. "ದ ಲೆಟರ್ ಕುಡ್ ಓನ್ಲಿ ಹ್ಯಾವ್ ಕಮ್ ಫ್ರಮ್ ಹರ್" ಎನ್ನುವುದು ಮಾತಿನಲ್ಲಿ ಸಹಜ. ಬಿಗಿಯಾಗಿ ಬರೆಯಬೇಕಾದ ಕಡೆ "ಕುಡ್ ಹ್ಯಾವ್ ಕಮ್ ಓನ್ಲಿ ಫ್ರಮ್ ಹರ್" ಎಂದು ಒತ್ತು ಬೇಕಾದ ಪದದ ಪಕ್ಕಕ್ಕೇ ತಂದಿಡಿ.

ಮೋಡಲ್ ಜೊತೆ ಜಗಳವಾಡುವ ಪದಗಳು

ಜಾಗ ಸರಿಯಿದ್ದೂ ವಾಕ್ಯ ಕೆಡುವುದುಂಟು. "ಮಸ್ಟ್ ಹ್ಯಾವ್" ಎಂದರೆ ಹೆಚ್ಚು ಕಡಿಮೆ ಖಚಿತ. "ಪ್ರಾಬಬ್ಲಿ" ಎಂದರೆ ಬಹುಶಃ. "ಶಿ ಮಸ್ಟ್ ಪ್ರಾಬಬ್ಲಿ ಹ್ಯಾವ್ ಲೆಫ್ಟ್" ಎಂದರೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಂಡಂತೆ. ಖಚಿತವಿದ್ದರೆ "ಮಸ್ಟ್ ಹ್ಯಾವ್ ಲೆಫ್ಟ್" ಸಾಕು, ಇಲ್ಲದಿದ್ದರೆ "ಹ್ಯಾಸ್ ಪ್ರಾಬಬ್ಲಿ ಲೆಫ್ಟ್" ಎನ್ನಿ. "ಮೈಟ್ ಡೆಫಿನೆಟ್ಲಿ ಹ್ಯಾವ್" ಕೂಡ ಇದೇ ಜಾತಿಯದು. "ಮೈಟ್ ಪಾಸಿಬ್ಲಿ ಹ್ಯಾವ್" ತಪ್ಪಲ್ಲ, ಆದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತೆ.

"ಪರ್‌ಹ್ಯಾಪ್ಸ್" ಮತ್ತು "ಮೇಬಿ" ಬಾಗಿಲಲ್ಲಿ ನಿಲ್ಲುವ ಪದಗಳು: "ಪರ್‌ಹ್ಯಾಪ್ಸ್ ಶಿ ವುಡ್ ಹ್ಯಾವ್ ಅಗ್ರೀಡ್." ಇಲ್ಲೊಂದು ಸಾಮಾನ್ಯ ತಪ್ಪಿದೆ. ಒಂದೇ ಪದವಾಗಿ ಬರೆಯುವ "ಮೇಬಿ" ಅಡ್ವರ್ಬ್, ಅದು ಮೋಡಲ್ ಅಲ್ಲ. "ಶಿ ಮೇಬಿ ಹ್ಯಾವ್ ಲೆಫ್ಟ್" ಎಂದರೆ ವಾಕ್ಯದಲ್ಲಿ ಮೋಡಲ್ಲೇ ಇಲ್ಲದಂತಾಯಿತು. "ಶಿ ಮೇ ಹ್ಯಾವ್ ಲೆಫ್ಟ್" ಎನ್ನಿ, ಇಲ್ಲವೇ "ಮೇಬಿ ಶಿ ಹ್ಯಾಸ್ ಲೆಫ್ಟ್" ಎನ್ನಿ.

"ಹೌಎವರ್"ನಂಥ ಪದ ನಡುವೆ ಬಂದರೆ ಎರಡೂ ಕಡೆ ಅಲ್ಪವಿರಾಮ ಬೇಕು: "ಇಟ್ ವುಡ್, ಹೌಎವರ್, ಹ್ಯಾವ್ ಕಾಸ್ಟ್ ಮೋರ್." ಒಂದೇ ಕಡೆ ಹಾಕಿ ಬಿಡುವುದು ತಪ್ಪು. ಪ್ರಾಬಬ್ಲಿ, ನೆವರ್, ಆಲ್ರೆಡಿ ಇವಕ್ಕೆ ಅಲ್ಪವಿರಾಮ ಬೇಕಿಲ್ಲ.

ಒಂದಕ್ಕಿಂತ ಹೆಚ್ಚು ಅಡ್ವರ್ಬ್ ಬಂದರೆ

ಸಾಧ್ಯತೆ ಮೊದಲು, ಎಷ್ಟು ಬಾರಿ ಎಂಬುದು ಆಮೇಲೆ, ರೀತಿ ಕೊನೆಗೆ. "ಶಿ ವುಡ್ ಪ್ರಾಬಬ್ಲಿ ನೆವರ್ ಹ್ಯಾವ್ ನೋಟಿಸ್ಡ್" ಸರಿ, "ನೆವರ್ ಪ್ರಾಬಬ್ಲಿ" ಅಲ್ಲ. ಒಂದೇ ಸಂದಿಯಲ್ಲಿ ಎರಡು ಪದ ಸಾಕು. ಮೂರನೆಯದು ಬಂದರೆ ಯಾವುದನ್ನು ಬಿಡಬಹುದೆಂದು ನೋಡಿ. ಸಾಮಾನ್ಯವಾಗಿ ಒಂದು ಕೆಲಸವಿಲ್ಲದೆ ಕೂತಿರುತ್ತದೆ. ವಾಕ್ಯದ ಕೊನೆಯಲ್ಲಾದರೆ ರೀತಿ, ಸ್ಥಳ, ಕಾಲ ಎಂಬ ಕ್ರಮ: "ದೇ ಮಸ್ಟ್ ಹ್ಯಾವ್ ವೇಟೆಡ್ ಕ್ವಾಯೆಟ್ಲಿ ಔಟ್‌ಸೈಡ್ ಆಲ್ ನೈಟ್."

ಪ್ರಶ್ನೆ, ಆಟ್ ಟು, ತಿರುವು ವಾಕ್ಯ

ಪ್ರಶ್ನೆಯಲ್ಲಿ ಮೋಡಲ್ ಮುಂದೆ ಓಡುತ್ತದೆ, ಅಡ್ವರ್ಬ್ ಓಡುವುದಿಲ್ಲ; ಅದು ಕರ್ತೃ ಆದ ಮೇಲೆ, ಹ್ಯಾವ್‌ಗೆ ಮುಂಚೆ ನಿಲ್ಲುತ್ತದೆ. "ಕುಡ್ ಹಿ ರಿಯಲಿ ಹ್ಯಾವ್ ಸೆಡ್ ದಟ್?" "ವುಡ್ ಯು ಸ್ಟಿಲ್ ಹ್ಯಾವ್ ಕಮ್?" "ಕುಡ್ ರಿಯಲಿ ಹಿ" ಎಂದು ಮೋಡಲ್‌ಗೆ ಅಂಟಿಸಬೇಡಿ.

"ಆಟ್ ಟು ಹ್ಯಾವ್" ಬಳಸುವಾಗ ಅಡ್ವರ್ಬ್ "ಟು"ಗಿಂತ ಮುಂಚೆ ಬಂದರೆ ಚೆನ್ನ: "ಯು ಆಟ್ ನೆವರ್ ಟು ಹ್ಯಾವ್ ಗಾನ್."

ನೆವರ್, ಹಾರ್ಡ್ಲಿ, "ಓನ್ಲಿ ದೆನ್" ಇವನ್ನು ಒತ್ತಿಗಾಗಿ ವಾಕ್ಯದ ಮೊದಲಿಗೆ ತಂದರೆ ಮೋಡಲ್ ಮತ್ತು ಕರ್ತೃ ಜಾಗ ಬದಲಿಸಿಕೊಳ್ಳಬೇಕು: "ನೆವರ್ ವುಡ್ ಐ ಹ್ಯಾವ್ ಗೆಸ್ಡ್." "ನೆವರ್ ಐ ವುಡ್ ಹ್ಯಾವ್ ಗೆಸ್ಡ್" ತಪ್ಪು. ಭಾಷಣಕ್ಕೆ, ಕಥೆಗೆ ಇದು ಹೊಂದುತ್ತದೆ, ಆಫೀಸಿನ ಇಮೇಲ್‌ಗೆ ಭಾರವಾಗುತ್ತದೆ.

ಮಾತಿನಲ್ಲಿ ಹ್ಯಾವ್ ಕುಗ್ಗಿದಾಗ

ಮಾತಾಡುವಾಗ "ಶುಡ್ ಹ್ಯಾವ್" ಕುಗ್ಗಿ "ಶುಡವ್" ಆಗುತ್ತದೆ. ಕುಗ್ಗಿದ ಮೇಲೆ ಎರಡನೇ ಜಾಗ ಮುಚ್ಚಿಹೋಯಿತು. ಅಡ್ವರ್ಬ್ ಒಂದೋ ಮುಂದಕ್ಕೆ ಹೋಗಬೇಕು, ಇಲ್ಲವೇ ಹಿಂದಕ್ಕೆ: "ಐ ಪ್ರಾಬಬ್ಲಿ ಶುಡವ್ ಆಸ್ಕ್ಡ್", "ಐ ಶುಡವ್ ಪ್ರಾಬಬ್ಲಿ ಆಸ್ಕ್ಡ್." ಸಿನಿಮಾ, ಸಂದರ್ಶನಗಳಲ್ಲಿ ಒಂದನೇ ಮತ್ತು ಮೂರನೇ ಜಾಗ ಹೆಚ್ಚು ಕೇಳಿಬರಲು ಇದೂ ಒಂದು ಕಾರಣ. "ಐ ವುಡ್" ಕುಗ್ಗಿ "ಐಡ್" ಆದಾಗ ಹ್ಯಾವ್ ಹಾಗೇ ಉಳಿದಿರುವುದರಿಂದ ಸಂದಿ ತೆರೆದೇ ಇರುತ್ತದೆ: "ಐಡ್ ನೆವರ್ ಹ್ಯಾವ್ ಗೆಸ್ಡ್."

ಕೇಳಿದ್ದನ್ನೇ ಬರೆಯಲು ಹೋಗಿ "ಶುಡ್" ಆದ ಮೇಲೆ ಒ, ಎಫ್ ಎಂಬ ಎರಡಕ್ಷರದ ಪದ ಬರೆಯುವವರಿದ್ದಾರೆ. ಉಚ್ಚಾರದಲ್ಲಿ ಎರಡೂ ಒಂದೇ ಥರ ಕೇಳುತ್ತವೆ, ಆದರೆ ಬರವಣಿಗೆಯಲ್ಲಿ ಅದು ಯಾವತ್ತೂ ಹ್ಯಾವ್.

ಒಂದು ವಾಕ್ಯವನ್ನು ರಿಪೇರಿ ಮಾಡೋಣ

"ದ ಕಂಪನಿ ಲಾಸ್ಟ್ ವೀಕ್ ಶುಡ್ ಪ್ರಾಪರ್ಲಿ ಹ್ಯಾವ್ ಟೆಸ್ಟೆಡ್ ಪ್ರಾಬಬ್ಲಿ ದ ಮಶೀನ್." ಹೇಳಬೇಕಾದದ್ದು: ಕಂಪನಿ ಕಳೆದ ವಾರ ಯಂತ್ರವನ್ನು ಬಹುಶಃ ಸರಿಯಾಗಿ ಪರೀಕ್ಷಿಸಬೇಕಿತ್ತು.

ಮೊದಲು ಮೂರೂ ಅಡ್ವರ್ಬ್ ತೆಗೆದು ಎಲುಬು ಮಾತ್ರ ಉಳಿಸಿ: "ದ ಕಂಪನಿ ಶುಡ್ ಹ್ಯಾವ್ ಟೆಸ್ಟೆಡ್ ದ ಮಶೀನ್." ಮೋಡಲ್, ಹ್ಯಾವ್, ಮೂರನೇ ರೂಪ, ಕರ್ಮಪದ ಎಲ್ಲ ಇವೆ. ಈಗ ಒಂದೊಂದನ್ನೇ ಸೇರಿಸಿ. "ಪ್ರಾಬಬ್ಲಿ" ತೀರ್ಪಿನ ಬಗ್ಗೆ, ಆದ್ದರಿಂದ ಮೋಡಲ್ ಪಕ್ಕ: "ಶುಡ್ ಪ್ರಾಬಬ್ಲಿ ಹ್ಯಾವ್ ಟೆಸ್ಟೆಡ್ ದ ಮಶೀನ್." "ಪ್ರಾಪರ್ಲಿ" ಪರೀಕ್ಷೆಯ ಬಗ್ಗೆ. ಕರ್ಮಪದ ಚಿಕ್ಕದು, ಹಾಗಾಗಿ ಅದರ ಆಚೆಗೆ: "ಟೆಸ್ಟೆಡ್ ದ ಮಶೀನ್ ಪ್ರಾಪರ್ಲಿ." ಕಾಲಸೂಚಕ ತೀರಾ ಕೊನೆಗೆ: "ದ ಕಂಪನಿ ಶುಡ್ ಪ್ರಾಬಬ್ಲಿ ಹ್ಯಾವ್ ಟೆಸ್ಟೆಡ್ ದ ಮಶೀನ್ ಪ್ರಾಪರ್ಲಿ ಲಾಸ್ಟ್ ವೀಕ್."

ಇದನ್ನೇ ಪ್ಯಾಸಿವ್ ಮಾಡಿದರೆ "ಪ್ರಾಪರ್ಲಿ" ಬೀನ್ ಪಕ್ಕಕ್ಕೆ ಬರುತ್ತದೆ, ಉಳಿದೆರಡು ಅಲುಗುವುದಿಲ್ಲ: "ದ ಮಶೀನ್ ಶುಡ್ ಪ್ರಾಬಬ್ಲಿ ಹ್ಯಾವ್ ಬೀನ್ ಪ್ರಾಪರ್ಲಿ ಟೆಸ್ಟೆಡ್ ಲಾಸ್ಟ್ ವೀಕ್." ನಿಷೇಧಕ್ಕೆ ತಿರುಗಿಸಿ ಶುಡಂಟ್ ಬಳಸಿದರೆ "ಪ್ರಾಬಬ್ಲಿ" ಮುಂದಕ್ಕೆ ಜಿಗಿಯುತ್ತದೆ: "ದ ಕಂಪನಿ ಪ್ರಾಬಬ್ಲಿ ಶುಡಂಟ್ ಹ್ಯಾವ್ ಟೆಸ್ಟೆಡ್ ದ ಮಶೀನ್ ಲಾಸ್ಟ್ ವೀಕ್."

ಇದಕ್ಕೆ ಯಾರಾದರೂ "ಶುಡ್ ದೇ ಹ್ಯಾವ್ ಟೆಸ್ಟೆಡ್ ಇಟ್?" ಎಂದು ಕೇಳಿದರೆ ಉತ್ತರದಲ್ಲಿ ಮುಖ್ಯ ಕ್ರಿಯಾಪದ ಬಿಟ್ಟುಹೋಗುತ್ತದೆ. ಆಗ ಅಡ್ವರ್ಬನ್ನು ಮೋಡಲ್‌ಗಿಂತ ಮುಂಚೆ ಇಡಿ: "ಯೆಸ್, ದೇ ಪ್ರಾಬಬ್ಲಿ ಶುಡ್ ಹ್ಯಾವ್." "ದೇ ಶುಡ್ ಪ್ರಾಬಬ್ಲಿ ಹ್ಯಾವ್" ಎಂದರೂ ನಡೆಯುತ್ತದೆ. "ದೇ ಶುಡ್ ಹ್ಯಾವ್ ಪ್ರಾಬಬ್ಲಿ" ಎಂದು ಮಾತ್ರ ನಿಲ್ಲಿಸಬೇಡಿ. ಮೂರನೇ ಜಾಗದ ಅಡ್ವರ್ಬಿಗೆ ಬಲಗಡೆ ಒಂದು ಕ್ರಿಯಾಪದ ಬೇಕು, ಅದಿಲ್ಲದಿದ್ದರೆ ಕೇಳುವವರು ಮುಂದಿನ ಪದಕ್ಕಾಗಿ ಕಾಯುತ್ತಲೇ ಇರುತ್ತಾರೆ.